ಅಡುಗೆಮನೆ ಕಿಟಕಿ ತೆಗೆದೋರು ಯಾರು

ಮೊನಹನ್, ಫೆಬ್ರವರಿ 6

ಉನಾ,

ನಾನು ಸೋರಿನ್. ನಿಮ್ಮ ತಮ್ಮ ಫಿಂಟನ್ನಿನ ಅಣಬೆ ಶೆಡ್ಡಲ್ಲಿ ಕೆಲಸಕ್ಕಿರೋ ರೊಮೇನಿಯಾದವನು. ಅವನನ್ನ ಮಣ್ಣು ಮಾಡಿದ ದಿನ ಸ್ಮಶಾನದ ಗೇಟಲ್ಲಿ ನಂಬರ್ ಕೊಟ್ಟು, "ನಿಜವಾಗಿ ಏನಾಯ್ತು ಅಂತ ನೀನಾದ್ರೂ ಹೇಳು" ಅಂದ್ರಲ್ಲ, ಅವನೇ. ನಿಮ್ಮ ಭಾಷೇಲಿ ಬರೆಯೋಕೆ ಕೂತ್ರೆ ಈ ವರ್ಷ ಮುಗಿಯಲ್ಲ, ಅದಕ್ಕೆ ಫೋನಿಗೆ ಮಾತಾಡಿ, ರೆಕಾರ್ಡ್ ಮಾಡಿ ಕಳಿಸ್ತಿದೀನಿ. ಹೇಗೂ ನಿದ್ದೆ ಬರ್ತಿಲ್ಲ.

ನಂಗೆ ಗೊತ್ತಿರೋದು ಕಮ್ಮಿ. ಆ ಶನಿವಾರ ನಾನು ಶೆಡ್ಡಲ್ಲಿ ಅಣಬೆ ಕೀಳ್ತಿದ್ದೆ. ಕತ್ತಲಾದ್ಮೇಲೆ ಆಂಬುಲೆನ್ಸ್ ಬಂತು, ಹಿಂದೇನೇ ಪೊಲೀಸ್ರು. ನಿಮ್ಮಣ್ಣ ಮ್ಯಾಲಕಿ ಅಂಗಳದಲ್ಲಿ ನಿಂತಿದ್ದ. ತಲೆ ಮೇಲೆ ಟೋಪಿ ಇರ್ಲಿಲ್ಲ. ಟೋಪಿ ಇಲ್ದೆ ಅವನನ್ನ ನೋಡಿದ್ದು ಅದೇ ಮೊದಲು, ಯಾರೋ ಬೇರೆಯವನು ಅಂದ್ಕೊಂಡೆ. "ಫಿಂಟನ್ ಅಡುಗೆಮನೇಲಿ ಬಂದೂಕು ಒರೆಸ್ತಿದ್ದ. ಹಾರಿಬಿಡ್ತು. ನಾನು ಕೊಟ್ಟಿಗೇಲಿದ್ದೆ, ಸದ್ದು ಕೇಳಿ ಓಡಿಬಂದೆ, ತಕ್ಷಣ ಫೋನ್ ಮಾಡ್ದೆ" ಅಂದ. ಪೊಲೀಸ್ರಿಗೂ ಅದನ್ನೇ ಅಂದ. ಪಾದ್ರಿಗೂ ಅದೇ. ಒಂದಕ್ಷರ ಆಚೆ ಈಚೆ ಇಲ್ಲ.

ನಿಮ್ಮಮ್ಮ ಪೆಗ್ಗಿ ಮಹಡಿ ಮೇಲೆ ಮಲ್ಗಿದ್ರಂತೆ. ಕಿವಿ ಮೆಷಿನ್ ತೆಗೆದಿಟ್ಟಿದ್ರಂತೆ. ಏನೂ ಕೇಳಿಸ್ಲಿಲ್ವಂತೆ.

ನಂಗೂ ಕೇಳಿಸ್ಲಿಲ್ಲ. ಕೇಳಿಸಿದ್ರೂ ಏನು, ಅವತ್ತು ಬೆಳಗ್ಗಿಂದ ಜೌಗು ಕಡೆ ಕಾಡುಕೋಳಿ ಬೇಟೆಯವರು ಢಂ ಢಂ ಅಂತಾನೇ ಇದ್ರು. ಯಾವ ಢಂ ಅಡುಗೆಮನೇದು ಅಂತ ಯಾರು ಹೇಳ್ತಾರೆ? ಹಾಗಾಗಿ ನಂಗೇನೂ ಗೊತ್ತಿಲ್ಲ. ಪೊಲೀಸ್ರಿಗೂ ಹಾಗೇ ಹೇಳ್ದೆ.

ಕೊರೋನರ್ ವಿಚಾರಣೆ ಆಗ್ಲೇಬೇಕಂತೆ. ಊರೋರನ್ನೇ ಜ್ಯೂರಿ ಕೂರಿಸಿ, ಇವನು ಹೇಗೆ ಸತ್ತ ಅಂತ ಒಬ್ಬೊಬ್ರನ್ನೂ ಕರೆದು ಕೇಳ್ತಾರಂತೆ. ನನ್ನನ್ನೂ ಕರೀತಾರೆ. ಅಷ್ಟರಲ್ಲಿ ನಾನು ಆಂಟ್ವರ್ಪಿಗೆ ಹೋಗಿರ್ತೀನೋ ಏನೋ. ಅಲ್ಲಿ ನನ್ನ ಕಸಿನ್ ಬಾ ಬಾ ಅಂತಿದಾನೆ.

ಪೆಗ್ಗಿ ಹುಷಾರಾಗಿದಾರೆ. ದಿನಾ ಟೀ ಕೊಡ್ತಾರೆ. ಅಡುಗೆಮನೇಲೇ.

ಸೋರಿನ್
(ಹಿಂದೆ ಕೇಳ್ತಿರೋ ಗೊರಕೆ ನಂದಲ್ಲ, ಫಿಂಟನ್ನಿನ ನಾಯಿ ಬೆಸ್‌ದು. ಈಗ ನನ್ನ ಹತ್ರಾನೇ ಇದಾಳೆ.)

ಬರ್ಗೆನ್, ನಾರ್ವೆ, ಫೆಬ್ರವರಿ 11

ಸೋರಿನ್,

"ಗೊತ್ತಿಲ್ಲ" ಅನ್ನೋದನ್ನ ನೀನು ಎಷ್ಟು ಸಲ ಹೇಳಿದೀಯ ಅಂತ ಕೇಳಿಸ್ಕೊಂಡು ನೋಡು. ನಿಜವಾಗ್ಲೂ ಗೊತ್ತಿಲ್ದಿರೋನು ಒಂದು ಸಲ ಹೇಳಿ ಸುಮ್ನಾಗ್ತಾನೆ.

ನಮ್ಮಮ್ಮನ ಅಡುಗೆಮನೆಗೆ ಬೂಟು ಹಾಕ್ಕೊಂಡು ಬಂದ್ರೆ ಪೊರಕೆ ಬೀಳ್ತಿತ್ತು. ಅಪ್ಪ ಇದ್ದಾಗ್ಲೂ ಬಂದೂಕು ಆ ಬಾಗ್ಲು ದಾಟಿಲ್ಲ. ಫಿಂಟನ್ ಅದನ್ನ ಒರೆಸ್ತಿದ್ದಿದ್ದು ಶೆಡ್ಡಲ್ಲಿ, ಹಳೇ ಬೆಂಚ್ ಮೇಲೆ. ನಿಂಗೂ ಗೊತ್ತು. ಹಾಗಿದ್ಮೇಲೆ ಊಟದ ಮೇಜಿನ ಮೇಲೆ ಪೊಲೀಸ್ರಿಗೆ ಸಿಕ್ಕ ಆ ಬಂದೂಕಿನ ಎಣ್ಣೆ ಡಬ್ಬಿ ಅಲ್ಲಿಗೆ ಹೇಗೆ ಬಂತು?

ಕ್ರಿಸ್‌ಮಸ್ ಹಿಂದಿನ ದಿನ ಮ್ಯಾಲಕಿ ಅಂಗಳದಲ್ಲಿ ನಿಂತು, "ನಿನ್ನ ಅಣಬೆ ಗೊಬ್ಬರದಲ್ಲೇ ನಿನ್ನ ಹೂತಾಕ್ತೀನಿ" ಅಂತ ಕಿರುಚಿದ್ದನ್ನ ಪಕ್ಕದ ಮನೆಯವರು ಕೇಳಿದಾರೆ. ಮಣ್ಣಿಗೆ ಬಂದ ಮೂವರು ಹೆಂಗಸ್ರು ಬೇರೆ ಬೇರೆಯಾಗಿ ಬಂದು ನನ್ನ ಕಿವೀಲಿ ಅದನ್ನ ಹಾಕಿ, ಕೈ ಒತ್ತಿ, "ನಾವೇನೂ ಹೇಳಿಲ್ಲಮ್ಮ" ಅಂದ್ರು.

ನಾನು ಕೇಳ್ತಿರೋದು ಒಂದೇ. ನನ್ನ ಅಣ್ಣ ನನ್ನ ತಮ್ಮನ್ನ ಕೊಂದನಾ? ಆ ಮನೆಗೆ ನಾನು ಇನ್ನೊಂದು ಸಲ ಕಾಲಿಡೋದು ಬಿಡೋದು ಅದರ ಮೇಲೆ.

ಅವನು ನಿನ್ನ ಬಾಯಿ ಮುಚ್ಚಿಸಿದ್ರೆ ಅದನ್ನೂ ಹೇಳು.

ಉನಾ

ಮೊನಹನ್, ಮಾರ್ಚ್ 2

ಉನಾ,

ನನ್ನ ಬಾಯಿ ಯಾರೂ ಮುಚ್ಚಿಸಿಲ್ಲ. ನಿಮ್ಮಣ್ಣ ಯಾರ ಹತ್ರಾನೂ ಮಾತಾಡೋದೇ ಇಲ್ಲ, ನನ್ನ ಬಾಯಿ ತಂಟೆಗೆ ಎಲ್ಲಿ ಬರ್ತಾನೆ? ಸಿಟ್ಟು ಬಂತು, ಅದಕ್ಕೇ ಇಷ್ಟು ದಿನ ಉತ್ತರ ಕೊಡ್ಲಿಲ್ಲ. ಆಮೇಲೆ ಇವತ್ತು ಅಂಗಡೀಲಿ ಕೌಂಟರ್ ಹೆಂಗಸು ನನ್ನನ್ನ ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ಇನ್ನೂ ಅಲ್ಲೇ ಮಲ್ಗ್ತೀಯಾ? ಬಾಗಿಲಿಗೆ ಚಿಲಕ ಇದೆ ತಾನೆ?" ಅಂದ್ಲು. ಹಿಂದೆ ನಿಂತಿದ್ದೋರು ನಗಲೂ ಇಲ್ಲ. ಅದಕ್ಕೆ ಹೇಳಿಬಿಡ್ತೀನಿ.

ನಾನೊಂದು ನೋಡಿದೀನಿ. ಪೊಲೀಸ್ರು, ಯಾರನ್ನಾದ್ರೂ ನೋಡಿದ್ಯಾ, ಏನಾದ್ರೂ ಕೇಳಿಸ್ತಾ ಅಂದ್ರು. ಕಿಟಕಿ ಬಗ್ಗೆ ಯಾರೂ ಕೇಳ್ಲಿಲ್ಲ.

ಅವತ್ತು ಇನ್ನೂ ಬೆಳಕಿತ್ತು. ಸಿಗರೇಟಿಗೆ ಅಂತ ಹೊರಗೆ ಬಂದೆ. ಅಡುಗೆಮನೆ ಕಿಟಕಿ ಯಾರೋ ತೆಗೀತಿದ್ರು. ಆ ಕಿಟಕಿ ನಿಮಗೆ ಗೊತ್ತಲ್ಲ, ಬಣ್ಣ ಹೊಡೆದೂ ಹೊಡೆದೂ ಅಂಟ್ಕೊಂಡಿದೆ, ಬೆಣ್ಣೆ ಚಾಕು ತೂರಿಸಿ ಸುತ್ತಲೂ ಬಿಡಿಸ್ಬೇಕು. ಒಂದು ನೀಲಿ ಸ್ವೆಟರ್ ತೋಳು ಅದನ್ನೇ ಮಾಡ್ತಿತ್ತು. ನಿಮ್ಮಮ್ಮನ ನೀಲಿ ಸ್ವೆಟರ್. ಜನವರಿ ಚಳೀಲಿ ಈ ಮುದುಕಿಗೆ ಏನು ಬಂತು ಅಂದ್ಕೊಂಡು ಒಳಗೆ ಹೋದೆ. ಮತ್ತೆ ಬಂದಾಗ ಕತ್ತಲಾಗ್ತಿತ್ತು, ಕಿಟಕಿ ಮುಚ್ಚಿತ್ತು, ಪರದೆ ಎಳೆದಿತ್ತು. ಆಂಬುಲೆನ್ಸ್ ಬಂದಿದ್ದು ಅದಾದ್ಮೇಲೆ.

ಇನ್ನೊಂದು. ಆಂಬುಲೆನ್ಸಿನವರ ಹಿಂದೆ ನಾನೂ ಬಾಗಿಲ ತನಕ ನುಗ್ಗಿದೆ. ಮ್ಯಾಲಕಿ ನನ್ನ ಎದೆ ಮೇಲೆ ಕೈಯಿಟ್ಟು ಆಚೆ ತಳ್ಳಿದ. ಅಷ್ಟರಲ್ಲಿ ಕಂಡಿದ್ದು, ಹಿತ್ತಿಲ ಬಾಗಿಲ ಪಕ್ಕ ಅವರು ಗಡ್ಡ ಕೆರ್ಕೊಳೋ ಕನ್ನಡಿ ಇದೆಯಲ್ಲ, ಅದರ ಮೇಲೆ ಪಾತ್ರೆ ಒರೆಸೋ ಬಟ್ಟೆ ಹೊದಿಸಿತ್ತು.

ನನ್ನಜ್ಜಿ ಸತ್ತಾಗ ನಮ್ಮಮ್ಮ ಮಾಡಿದ್ದೂ ಅದನ್ನೇ. ಮೊದಲು ಕಿಟಕಿ ತೆಗೆದ್ಲು, ಜೀವ ಹೊರಗೆ ಹೋಗ್ಲಿ ಅಂತ. ಆಮೇಲೆ ಕನ್ನಡಿ ಮುಚ್ಚಿದ್ಲು, ಜೀವ ಅದರೊಳಗೆ ಸಿಕ್ಕಿಬೀಳ್ದೆ ಇರ್ಲಿ ಅಂತ. ಆಮೇಲೆ ಅತ್ಲು. ನಿಮ್ಮೂರಲ್ಲೂ ಹೀಗೇ ಅಂತ ನಂಗೆ ಗೊತ್ತಿರ್ಲಿಲ್ಲ.

ಮಹಡಿ ಮೇಲೆ ಮಲ್ಗಿದ್ದೋರು ಕಿಟಕಿ ತೆಗೀತಾರಾ ಉನಾ? ಇನ್ನೂ ಬದುಕಿರೋನಿಗೆ ಕನ್ನಡಿ ಮುಚ್ತಾರಾ? ಮ್ಯಾಲಕಿ ಫೋನ್ ಮಾಡಿದ್ದು "ತಕ್ಷಣ" ಅಲ್ಲ. ಅಷ್ಟೊತ್ತು ಅವರಿಬ್ರೂ ಒಳಗೆ ಏನು ಮಾಡ್ತಿದ್ರು?

ಈಗ ಅವರು ಕೊಟ್ಟ ಟೀ ಕುಡಿಯೋವಾಗ ನಾನು ಕಿಟಕಿ ಕಡೆ ನೋಡಲ್ಲ. ಅವರೂ ನೋಡಲ್ಲ.

ಸೋರಿನ್

ಬರ್ಗೆನ್, ಮಾರ್ಚ್ 9

ಸೋರಿನ್,

ನೀನು ಹೇಳಿದ್ದನ್ನ ಮತ್ತೆ ಮತ್ತೆ ಕೇಳ್ದೆ. ಆಮೇಲೆ ಅಮ್ಮನಿಗೆ ಫೋನ್ ಮಾಡ್ದೆ. "ಅಮ್ಮಾ, ಅವತ್ತು ನೀನು ಎಲ್ಲಿದ್ದೆ?" ಅಂದೆ. "ಮಲ್ಗಿದ್ದೆ. ನಿಮ್ಮಲ್ಲಿ ಹಿಮ ಇನ್ನೂ ಇದೆಯಾ?" ಅಂದ್ಲು. ಇನ್ನೊಂದು ಸಲ ಕೇಳ್ದೆ. "ಇಲ್ಲಿ ಗಾಳಿ ಕಣೇ, ಬಟ್ಟೆ ಒಣಗ್ತಾನೇ ಇಲ್ಲ" ಅಂದ್ಲು. ಹಿಂದೆ ಕುರ್ಚಿ ಎಳೆದ ಸದ್ದು. ಮ್ಯಾಲಕಿ ಅಲ್ಲೇ ಕೂತಿದ್ದ.

ಅಂದ್ರೆ ಅಮ್ಮ ಅವನನ್ನ ಕಾಪಾಡ್ತಿದಾಳೆ. ಒಬ್ಬ ಮಗ ಹೋದ, ಇನ್ನೊಬ್ಬನಾದ್ರೂ ಜೈಲಿಗೆ ಹೋಗ್ದೆ ಇರ್ಲಿ ಅಂತ. ಬೇರೆ ಅರ್ಥ ನಂಗೆ ಹೊಳೀತಿಲ್ಲ. ಕಿಟಕಿ ವಿಷಯ ನೀನು ಕೊರೋನರ್ ಮುಂದೆ ಹೇಳ್ಬೇಕು.

ಆದ್ರೆ ನಿನ್ನನ್ನೂ ಒಂದು ಕೇಳ್ತೀನಿ, ಬೇಜಾರಾಗ್ಬೇಡ. ಬೆಸ್ ನಿನ್ನ ಹತ್ರ ಯಾಕಿದಾಳೆ? ಒಂಬತ್ತು ವರ್ಷದಿಂದ ಆ ನಾಯಿ ಫಿಂಟನ್ ಹಿಮ್ಮಡಿ ಬಿಟ್ಟಿಲ್ಲ. "ಆ ಹುಡುಗ ಕರ್ಕೊಂಡು ಹೋದ" ಅಂತ ಅಮ್ಮ ಹೇಳಿದ್ಲು. ಯಾವಾಗ ಕರ್ಕೊಂಡು ಹೋದೆ? ಯಾಕೆ? ನೀನು ನೋಡಿದ್ದೆಲ್ಲಾ ಹೇಳಿದೀಯಾ, ಇಲ್ಲಾ ಕಿಟಕಿ ತೋರಿಸಿ ಬೇರೇನಾದ್ರೂ ಮುಚ್ತಿದೀಯಾ?

ಉನಾ

ಮೊನಹನ್, ಮಾರ್ಚ್ 10

ಉನಾ,

ಚೆನ್ನಾಗಿದೆ. ಈಗ ನಾಯಿ ಕಳ್ಳನೂ ನಾನೇ.

ನಾನು ಕರ್ಕೊಂಡು ಬಂದಿಲ್ಲ. ಫಿಂಟನ್ನೇ ತಂದು ಬಿಟ್ಟಿದ್ದು. ಅದೇ ಶನಿವಾರ ಮಧ್ಯಾಹ್ನ. ನಾನು ಮಲ್ಗೋ ಗಾಡಿಮನೆ, ಆ ಕ್ಯಾರವಾನ್ ಬಾಗಿಲು ತಟ್ಟಿದ. ಒಂದು ಕೈಲಿ ಬೆಸ್, ಹಗ್ಗ ಕಟ್ಟಿ. ಅವಳಿಗೆ ಹಗ್ಗ ಕಟ್ಟಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಇನ್ನೊಂದು ಕೈಲಿ ಅವಳ ಬಟ್ಟಲು, ಕಂಕುಳಲ್ಲಿ ಅವಳ ತಿಂಡಿ ಮೂಟೆ. ಅವಳು ಮಲ್ಗೋ ಹಳೇ ಕಂಬಳಿ ಹೆಗಲ ಮೇಲೆ.

"ಏನೋ ಇದು, ಮನೆ ಬದಲಾಯಿಸ್ತಿದಾಳಾ?" ಅಂದೆ.

"ಬೇಟೆಯವರು ಜಾಸ್ತಿ ಬಂದಿದಾರೆ ಇವತ್ತು. ಗುಂಡಿನ ಸದ್ದಿಗೆ ಹೆದರ್ತಾಳೆ" ಅಂದ.

ನಾನು ನಕ್ಕುಬಿಟ್ಟೆ. ಬೆಸ್! ಮರಿಯಾಗಿದ್ದಾಗಿಂದ ಬಂದೂಕಿನ ಪಕ್ಕದಲ್ಲೇ ಓಡಿ, ಹೊಡೆದ ಹಕ್ಕಿ ಕಚ್ಕೊಂಡು ಬರೋಳು, ಇವಳಿಗೆ ಗುಂಡಿನ ಭಯ! ಅವನು ನಗ್ಲಿಲ್ಲ. ಕಂಬಳಿ ಹಾಸಿದ, ಬಟ್ಟಲಿಗೆ ನೀರು ಹಾಕ್ದ, ಅವಳ ಕಿವಿ ಹತ್ರ ಏನೋ ಅಂದ. "ಇವಳಿಗೆ ಬ್ರೆಡ್ ಹಾಕ್ಬೇಡ, ಹೊಟ್ಟೆ ಕೆಡುತ್ತೆ" ಅಂತ ನಂಗೆ ಹೇಳಿ ಹೋದ.

ಅಷ್ಟೇ. ಮುಚ್ಚಿಟ್ಟಿದ್ದೇನೂ ಇಲ್ಲ. ಬೇಕಾದ್ರೆ ನಾಯಿನ ನಾರ್ವೆಗೆ ಪಾರ್ಸೆಲ್ ಮಾಡ್ತೀನಿ.

ಸೋರಿನ್

ಮೊನಹನ್, ಏಪ್ರಿಲ್ 20

ಉನಾ, ಇದೀರಾ? ಪಾರ್ಸೆಲ್ ಅಂದಿದ್ದು ತಮಾಷೆಗೆ.

ಸೋರಿನ್

ಮೊನಹನ್, ಜುಲೈ 14

ಉನಾ,

ನೀವು ಸುಮ್ನಿದೀರಿ, ನಾನು ಮಾತಾಡ್ತಾನೇ ಇದೀನಿ. ಬೇರೆ ಯಾರ ಹತ್ರ ಮಾತಾಡ್ಲಿ?

ಯಾರ ಮೇಲೂ ಕೇಸ್ ಹಾಕಲ್ಲ ಅಂತ ಸರ್ಕಾರದ ಕಡೆಯಿಂದ ಬಂತು. ಸಾಕ್ಷಿ ಸಾಲ್ದಂತೆ. ಇಲ್ಲಿ ಯಾರಿಗೂ ಅದು ಬಿಡುಗಡೆ ಅನ್ನಿಸಿಲ್ಲ. "ಸಾಲ್ದು ಅಂದ್ರೆ ಇಲ್ಲ ಅಂತಲ್ಲ" ಅಂತಾರೆ. ಚರ್ಚಲ್ಲಿ ನಿಮ್ಮಣ್ಣ ಕೂರೋ ಬೆಂಚಲ್ಲಿ ಪೆಗ್ಗಿ ಬಿಟ್ರೆ ಯಾರೂ ಕೂರಲ್ಲ. ದನದ ಸಂತೇಲಿ ಅವನು ಬೇಲಿಗೆ ಒರಗಿದ್ರೆ ಅಕ್ಕಪಕ್ಕದವರು ಮೆಲ್ಲಗೆ ಬೇರೆ ಬೇಲಿಗೆ ಹೋಗ್ತಾರೆ. ಹೋದ ವಾರ ಗೇಟಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ "ಕೇಯಿನ್" ಅಂತ ಬರೆದಿದ್ರು. ತಮ್ಮನ್ನ ಕೊಂದ ಬೈಬಲ್ಲಿನ ಅಣ್ಣ. ಮ್ಯಾಲಕಿ ಬಕೆಟ್ ತಂದು ಉಜ್ಜಿದ. ನಾನೂ ಬ್ರಷ್ ತಗೊಂಡು ಹೋದೆ. "ಬೇಡ ಬಿಡು" ಅಂದ. ಒಂದು ಸಲ "ನಾನಲ್ಲ" ಅನ್ಬಾರ್ದಾ? ಮಾಡ್ದೆ ಇದ್ದೋನು ಯಾರಾದ್ರೂ ಇಷ್ಟು ಸುಮ್ನಿರ್ತಾನಾ?

ಪೆಗ್ಗಿ ಒಳಗಿಂದ ನೋಡ್ತಿದ್ರು. ಮುಚ್ಚಿದ ಕಿಟಕಿ ಹಿಂದೆ ನಿಂತು.

ವಿಚಾರಣೆ ನವೆಂಬರಿಗೆ. ಆಂಟ್ವರ್ಪ್ ಅಲ್ಲೀತನಕ ಕಾಯ್ಲಿ ಅಂದಿದೀನಿ.

ಸೋರಿನ್

ಬರ್ಗೆನ್, ಅಕ್ಟೋಬರ್ 3

ಸೋರಿನ್,

ಉತ್ತರ ಕೊಡ್ಲಿಲ್ಲ ಅಂತ ಬೈಕೊಂಡಿರ್ತೀಯ. ನಾಯಿ ಬಟ್ಟಲಿನ ಮಾತು ಕೇಳಿದ್ಮೇಲೆ ನಂಗೆ ಮಾತಾಡೋಕಾಗ್ಲಿಲ್ಲ.

ನಮ್ಮಪ್ಪನ ಅಣ್ಣ ಒಬ್ರಿದ್ರು, ಹ್ಯೂಯಿ ದೊಡ್ಡಪ್ಪ. ನಾನು ಸಣ್ಣೋಳಿದ್ದಾಗ ಕೆರೇಲಿ "ಜಾರಿ ಬಿದ್ರು." ಬೂಟು ದಡದ ಮೇಲೆ ಜೋಡಿಸಿಟ್ಟಿತ್ತು, ಬೂಟೊಳಗೆ ಕೈಗಡಿಯಾರ. ಆದ್ರೂ ನಮ್ಮನೇಲಿ ಎಲ್ಲರೂ "ಜಾರಿ ಬಿದ್ರು" ಅಂತಾನೇ ಹೇಳಿದ್ವಿ. ಊರೂ ಹಾಗೇ ಹೇಳ್ತು. ನಾನೊಂದ್ಸಲ "ಬೂಟು ಬಿಚ್ಚಿಟ್ಟು ಹೇಗೆ ಜಾರ್ತಾರೆ?" ಅಂತ ಕೇಳಿದ್ದಕ್ಕೆ ಅಮ್ಮ ಕೆನ್ನೆಗೆ ಹೊಡೆದ್ಲು. ಜೀವನದಲ್ಲಿ ಅವಳು ನಂಗೆ ಹೊಡೆದಿದ್ದು ಅದೊಂದೇ ಸಲ.

ಮೇಜಿನ ಮೇಲೆ ಎಣ್ಣೆ ಡಬ್ಬಿ ತಂದಿಟ್ಟೋರು ಯಾರು ಅಂತ ಈಗ ನಂಗೆ ಅನ್ನಿಸ್ತಿದೆ. ಯಾಕೆ ಅಂತಾನೂ.

ಅನ್ನಿಸೋದು ಬೇರೆ, ಗೊತ್ತಾಗೋದು ಬೇರೆ. ತಿಂಗಳುಗಟ್ಟಲೆ ನಾನು ಅಣ್ಣನ್ನ ಕೊಲೆಗಾರ ಅಂದ್ಕೊಂಡೇ ಮಲ್ಗಿದೀನಿ, ಎದ್ದಿದೀನಿ. ಈಗ ಎದುರು ಕೂರೋ ಮುಖ ನಂಗಿಲ್ಲ, ನವೆಂಬರಿಗೆ ಬರಲ್ಲ. ನೀನು ಕಂಡಿದ್ದು ಕಂಡ ಹಾಗೆ ಹೇಳು. ಜಾಸ್ತಿ ಬೇಡ, ಕಮ್ಮಿನೂ ಬೇಡ. ಹೇಳ್ದೆ ಇದ್ರೆ ಮ್ಯಾಲಕಿ ಸಾಯೋ ತನಕ ಆ ಗೇಟು ಉಜ್ತಾನೇ ಇರ್ತಾನೆ.

ಬೆಸ್‌ಗೆ ಬ್ರೆಡ್ ಹಾಕ್ತಿಲ್ಲ ತಾನೆ?

ಉನಾ

ಮೊನಹನ್, ನವೆಂಬರ್ 18

ಉನಾ,

ಮುಗೀತು. ಕೂತ್ಕೊಂಡು ಕೇಳಿ, ಇದು ಉದ್ದ ಇದೆ.

ಜ್ಯೂರಿ ಅಂದ್ರೆ ಯಾರು ಅಂತೀರಾ? ಪೊಲೀಸಿನವನು ಬೆಳಗ್ಗೆ ಪೇಟೇಲಿ ಅಂಗಡಿ ಅಂಗಡಿ ನುಗ್ಗಿ ಕರ್ಕೊಂಡು ಬಂದೋರು. ಮಾಂಸದಂಗಡಿಯವನು, ತಲೆಗೂದಲು ಕತ್ತರಿಸೋಳು, ನಂಗೆ ಚಿಲಕ ಇದೆಯಾ ಅಂದಿದ್ದ ಆ ಕೌಂಟರ್ ಹೆಂಗಸು ಕೂಡ. ಮಾಂಸದಂಗಡಿಯವನನ್ನ ಮುಖ್ಯಸ್ಥ ಮಾಡಿದ್ರು. ಮ್ಯಾಲಕಿ ಹೊಸ ಶರ್ಟ್ ಹಾಕಿದ್ದ, ಕಾಲರ್ ಅವನ ಕುತ್ತಿಗೆ ಕಚ್ತಿತ್ತು.

ಕೊರೋನರ್ ಒಬ್ರು ವಯಸ್ಸಾದ ಹೆಂಗಸು, ಕನ್ನಡಕ ಹಣೆ ಮೇಲೆ. ಇದೇ ಸೀಮೆಯೋರು ಅಂತ ಮಾತಲ್ಲೇ ಗೊತ್ತಾಗುತ್ತೆ. ಮ್ಯಾಲಕಿ ಹೇಳಿಕೆ ಓದಿದ್ರು. ಒರೆಸ್ತಿದ್ದ, ಹಾರಿಬಿಡ್ತು, ಓಡಿಬಂದೆ, ತಕ್ಷಣ. ಪೆಗ್ಗಿದೂ ಓದಿದ್ರು. ಮಲ್ಗಿದ್ದೆ, ಕೇಳಿಸ್ಲಿಲ್ಲ. ಆಮೇಲೆ ನನ್ನ ಕರೆದ್ರು.

ಒಂದು ಫೋಟೋ ತೋರಿಸಿದ್ರು. "ಕನ್ನಡಿ ಮೇಲೆ ಬಟ್ಟೆ ಇದೆ. ನೀವು ಬಾಗಿಲಿಗೆ ಬಂದಾಗ ಇದು ಇತ್ತಾ?"

"ಇತ್ತು ಮೇಡಂ."

"ಕಿಟಕಿ ಕಟ್ಟೆ ಮೇಲೆ ಬೆಣ್ಣೆ ಚಾಕು ಯಾಕಿದೆ ಅಂತ ಏನಾದ್ರೂ ಗೊತ್ತಾ?"

ಪೊಲೀಸ್ರಿಗೆ ಅದು ಬರೀ ಚಾಕು. ಆದ್ರೆ ಅವರು ಕೇಳಿದ ತಕ್ಷಣ ಜ್ಯೂರಿ ಇಡೀ ತಲೆ ಬಗ್ಗಿಸ್ತು ಉನಾ. ಎಲ್ಲರೂ, ಒಟ್ಟಿಗೆ. ಅವರೆಲ್ಲರ ಮನೇಲೂ ಯಾರೋ ಒಬ್ರು ಯಾವತ್ತೋ ಕಿಟಕಿ ತೆಗೆದಿದಾರೆ. ಆಗ ನಂಗೆ ಹೊಳೀತು, ನಾನೊಬ್ನೇ ಗುಟ್ಟು ಹೊತ್ಕೊಂಡಿದೀನಿ ಅಂದ್ಕೊಂಡಿದ್ದು ಸುಳ್ಳು.

ಹೇಳ್ದೆ. ಬೆಳಕಿದ್ದಾಗ ಕಿಟಕಿ ಯಾರೋ ತೆಗೀತಿದ್ರು. ಕತ್ತಲಾಗೋವಾಗ ಮುಚ್ಚಿತ್ತು. ಆಂಬುಲೆನ್ಸ್ ಇನ್ನೂ ಬಂದಿರ್ಲಿಲ್ಲ. ಮಧ್ಯಾಹ್ನ ನಾಯಿ ತಂದು ಬಿಟ್ಟಿದ್ದೂ ಹೇಳ್ದೆ, ಬಟ್ಟಲು ಸಮೇತ.

"ಕಿಟಕಿ ತೆಗೆದೋರು ಯಾರು?"

ನಾನು ಬಾಯಿ ತೆಗೆಯೋಕೆ ಮುಂಚೆ ಮ್ಯಾಲಕಿ ಎದ್ದ. ಕುರ್ಚಿ ಬಿತ್ತು. "ನಾನು. ನಾನೇ ತೆಗ್ದೆ. ಎಲ್ಲಾ ನಂದೇ. ಬರ್ಕೊಳಿ" ಅಂದ.

ಹಿಂದೆ ಯಾರೋ "ಬಂತು ನೋಡು ಬಾಯಿಗೆ" ಅಂದ್ರು.

ಪೆಗ್ಗಿ ಎದ್ದೇಳ್ಲೂ ಇಲ್ಲ. ಕೂತಲ್ಲಿಂದಾನೇ, ದನಕ್ಕೆ ಗದರಿದ ಹಾಗೆ, "ಕೂತ್ಕೊಳೋ ಮ್ಯಾಲಕಿ. ಆ ಕಿಟಕಿ ತೆಗೆಯೋಕೆ ಹುಟ್ಟಿದಾಗಿಂದ ನಿಂಗೆ ಬಂದಿದೆಯಾ?" ಅಂದ್ರು.

ಯಾರೋ ನಕ್ಕು, ತಕ್ಷಣ ನುಂಗ್ಕೊಂಡ್ರು.

ಕೊರೋನರ್ ಪ್ರಮಾಣ ಮಾಡಿಸಿ ಅವರನ್ನ ಕೂರಿಸಿದ್ರು. ಪೆಗ್ಗಿ ಕೈಚೀಲ ಮಡಿಲಲ್ಲಿಟ್ಕೊಂಡು ಜ್ಯೂರಿ ಕಡೆ ತಿರುಗಿದ್ರು. "ನಾನು ಮಲ್ಗಿರ್ಲಿಲ್ಲ. ಚರ್ಚಿಗೆ ಹೂವು ಇಟ್ಟು ಬಂದೆ. ಫಿಂಟನ್ ಅಡುಗೆಮನೇಲಿದ್ದ. ಒಬ್ನೇ ಇದ್ದ. ಏನೂ ಒರೆಸ್ತಿರ್ಲಿಲ್ಲ. ಆಗ್ಲೇ ಹೋಗ್ಬಿಟ್ಟಿದ್ದ. ಶೆಡ್ಡಿಂದ ಎಣ್ಣೆ ಡಬ್ಬಿ, ಬಟ್ಟೆ ನಾನು ತಂದಿಟ್ಟೆ. ಮ್ಯಾಲಕಿ ಕೊಟ್ಟಿಗೇಲಿದ್ದ, ಎಲ್ಲಾ ಆದ್ಮೇಲೆ ಕೂಗ್ದೆ. ಏನು ಹೇಳ್ಬೇಕು ಅಂತಾನೂ ನಾನೇ ಹೇಳಿಕೊಟ್ಟೆ. ಹೇಳಿಕೊಟ್ಟಿದ್ದನ್ನ ಬದಲಾಯಿಸೋಕೆ ಇವನಿಗೆ ಯಾವತ್ತೂ ಬರಲ್ಲ."

"ಯಾಕೆ ಪೆಗ್ಗಿ?" ಅಂದ್ರು ಕೊರೋನರ್. ಮೊದಲನೇ ಸಲ ಹೆಸರು ಹಿಡಿದು.

"ಈ ಊರೋರು ಫಿಂಟನ್ ಬಗ್ಗೆ ಮಾತಾಡ್ಬಾರ್ದು ಅಂತ. ಮಾತಾಡ್ಲಿಲ್ಲ. ಬದುಕಿರೋನ ಬಗ್ಗೆ ಮಾತಾಡಿದ್ರು." ಕೌಂಟರ್ ಹೆಂಗಸಿನ ಮುಖ ಗೇಟಿನ ಬಣ್ಣಕ್ಕೆ ತಿರುಗ್ತು.

ಆಮೇಲೆ ಕೊರೋನರ್ ಕೇಳಿದ್ರು, ಅದು ಕಾನೂನಿನ ಪ್ರಶ್ನೆ ಅಲ್ಲ ಅಂತ ನಂಗೂ ಗೊತ್ತಾಯ್ತು. "ಅಷ್ಟು ಬೇಗ ಕಿಟಕಿ ಯಾಕೆ ಮುಚ್ಚಿದ್ರಿ?"

"ತೆಗೆದಿಡ್ಬೇಕಿತ್ತು. ಗೊತ್ತು" ಅಂದ್ರು ಪೆಗ್ಗಿ. "ಗಾಳಿ ಬಂತು. ಪರದೆ ಹೊರಗಡೆ ಹಾರ್ತಿತ್ತು. ಹೋಗೇಬಿಡ್ತಾನೆ ಅನ್ನಿಸ್ತು. ಮುಚ್ಚಿಬಿಟ್ಟೆ."

ಜ್ಯೂರಿ ಒಳಗೆ ಹೋಗಿ ಬಂತು. ಮಾಂಸದಂಗಡಿಯವನು ಎದ್ದು, ಗುಂಡೇಟಿನಿಂದ ಸಾವು, ಬೇರೆ ಯಾರ ಕೈಯೂ ಇದರಲ್ಲಿಲ್ಲ ಅಂದ. ಆ ಇನ್ನೊಂದು ಪದ ಅವನು ಆಡ್ಲಿಲ್ಲ, ಕೊರೋನರೂ ಆಡಿಸ್ಲಿಲ್ಲ. ಪೆಗ್ಗಿ ಸುಳ್ಳು ಹೇಳಿಕೆಗೆ ಬೇರೆ ಏನಾದ್ರೂ ಆಗುತ್ತಾ ಗೊತ್ತಿಲ್ಲ. ಇದು ನಿಜವಾದ ಗೊತ್ತಿಲ್ಲ, ಒಂದೇ ಸಲ ಹೇಳ್ತಿದೀನಿ. ಹೊರಗೆ ಮೆಟ್ಟಿಲ ಮೇಲೆ ಮಾಂಸದಂಗಡಿಯವನು ಬಂದು ಮ್ಯಾಲಕಿ ಕೈ ಹಿಡ್ಕೊಂಡ. "ಚಳಿ ಜಾಸ್ತಿ ಆಯ್ತು" ಅಂದ. "ಹೌದು, ಜಾಸ್ತಿ ಆಯ್ತು" ಅಂದ ಮ್ಯಾಲಕಿ. ಇವರಿಗೆ ಕ್ಷಮೆ ಕೇಳೋಕೂ ಹವಾಮಾನ ಬೇಕು.

ಮನೆಗೆ ಬಂದ್ವಿ. ಪೆಗ್ಗಿ ಕೋಟು ಬಿಚ್ಲಿಲ್ಲ. ಸೀದಾ ಡ್ರಾಯರ್ ತೆಗೆದು ಬೆಣ್ಣೆ ಚಾಕು ತಗೊಂಡ್ರು. ನಾನು ಸಹಾಯಕ್ಕೆ ಹೋದೆ, "ಬಿಡು ಮಗಾ" ಅಂದ್ರು. ಸುತ್ತಲೂ ಬಿಡಿಸಿ, ಅಂಗೈಯಿಂದ ಒಂದು ಗುದ್ದು ಕೊಟ್ರು. ಕಿಟಕಿ ಪೂರ್ತಿ ತೆಗೀತು. ತಣ್ಣನೆ ಗಾಳಿ ನುಗ್ತು, ಕ್ಯಾಲೆಂಡರ್ ಪಟಪಟ ಅಂತು. ನಾವು ಮೂರು ಜನ ಮೇಜಿನ ಸುತ್ತ ಕೂತು ಟೀ ಕುಡಿದ್ವಿ. ಕಿಟಕಿಗೂ ಫಿಂಟನ್ ಕುರ್ಚಿಗೂ ಮಧ್ಯೆ ಯಾರೂ ಕೂರ್ಲಿಲ್ಲ. ಬೆಸ್ ಈ ಹತ್ತು ತಿಂಗಳು ಆ ಹೊಸ್ತಿಲು ದಾಟಿರ್ಲಿಲ್ಲ. ಇವತ್ತು ಮೂಸ್ಕೊಂಡು ಒಳಗೆ ಬಂದು ಆ ಕುರ್ಚಿ ಕೆಳಗೆ ಮಲ್ಗಿದ್ಲು.

ಟೀ ತಣ್ಣಗಾಯ್ತು. ಮ್ಯಾಲಕಿ ಹಲ್ಲು ಕಟಕಟ ಅಂತಿತ್ತು. "ಅಮ್ಮಾ, ಇನ್ನೂ ಎಷ್ಟೊತ್ತು?" ಅಂದ.

"ಅವನು ಯಾವಾಗ್ಲೂ ನಿಧಾನಾನೇ" ಅಂದ್ರು ಪೆಗ್ಗಿ. "ಕೋಟು ಹಾಕ್ಕೋ."

ಸೋರಿನ್